ಸಣ್ಣ ಸಭೆಯವ್ರು ಊರಾಗಿನ ಬಡವ್ರಿಗೆ ಖರೇನ ಉಪಯೋಗ ಆಗಬೇಕಂದ್ರ ಏನ್ ಮಾಡಬೇಕು

ನಮ್ಮ ಕಡೆ, ಅಂದ್ರ ವಿಜಯಪುರ, ಜಮಖಂಡಿ, ಮುಧೋಳ, ಅಥಣಿ ಈ ಪಟ್ಟಿಯೊಳಗ ಚರ್ಚುಗೋಳು, ಅಂದ್ರ ನಾವು ಸಭೆ ಅನ್ನೂವು, ದೊಡ್ಡವಲ್ಲ. ನಲವತ್ತು ಐವತ್ತು ಮನಿ ಇದ್ರ ಬಾಳ ಆತು, ಅದ್ರಾಗ ಅರ್ಧ ಮಂದಿ ತಾವ ಕೂಲಿ ಮಾಡವ್ರು, ಗೌಂಡಿ ಕೆಲಸದವ್ರು, ಉಳಿದವ್ರು ನರ್ಸು, ಮಾಸ್ತರು, ಒಬ್ರಿಬ್ರು ಪೆನ್ಶನ್ ಮಂದಿ. ಕಮಿಟಿಯೊಳಗ ಸೇವಾ ಮಾಡೂನು ಅಂತ ಮಾತು ತೆಗೆದ್ರ ಮೊದ್ಲ ಬರೂ ಮಾತು ಏನಪಾ ಅಂದ್ರ "ನಮ್ಮ ಹತ್ರನ ಇಲ್ಲ, ಮಂದಿಗೆ ಏನ್ ಕೊಡೂದು?" ಅಂತ. ಅದಕ್ಕ ಈ ಬರಹ ಬರದೀನಿ. ಬಡವ್ರ ಹತ್ರ ರೊಕ್ಕ ಇಲ್ಲ ಅನ್ನೂದು ಖರೆ, ಆದ್ರ ಅದಕ್ಕಿಂತ ದೊಡ್ಡ ತ್ರಾಸು ಅಂದ್ರ ಅವ್ರ ಜೋಡಿ ಆಫೀಸಿಗೆ ದವಾಖಾನಿಗೆ ಬರಾಕ ಯಾರೂ ಇರೂದಿಲ್ಲ. ಓಡ್ಯಾಡೂ ಮಂದಿ ನಮ್ಮಲ್ಲಿ ಅದಾರ. ರೊಕ್ಕ ಕಮ್ಮಿ ಇದ್ರೂ ನಡೀತೈತಿ.

ಮೊದ್ಲ ಒಂದು ಬಿಡ್ರಿ. ಕ್ರಿಸ್‌ಮಸ್ ಮುಂದ ಬಸ್‌ಸ್ಟ್ಯಾಂಡ್‌ನ್ಯಾಗ ಚಾದರ್ ಹಂಚೂದು, ಹಿಂದ ಫ್ಲೆಕ್ಸ್ ಕಟ್ಟೂದು, ಮುದುಕನ ಕೈಯಾಗ ಚಾದರ್ ಒಂದು ಕಡೆ ಅಂವ ಹಿಡದು ಇನ್ನೊಂದು ಕಡೆ ನಾವ್ ಆರು ಮಂದಿ ಹಿಡದು ಫೋಟೋ, ಸಂಜೀಕ ಸ್ಟೇಟಸ್. ಆ ಚಾದರ್ ನಾಕು ದಿನಕ್ಕ ಮಾರಿರ್ತಾನ ಇಲ್ಲಂದ್ರ ಅಂವಗ ಮೊದ್ಲ ಮೂರು ಚಾದರ್ ಯಾರೋ ಕೊಟ್ಟಿರ್ತಾರ. ಫೋಟೋ ಬ್ಯಾಡವ ಬ್ಯಾಡ, ಇದ್ರಾಗ ನಾ ಯಾರ್ ಮಾತೂ ಕೇಳೂದಿಲ್ಲ. ನಿಮ್ಮ ತಾಯಿ ಕೈ ಒಡ್ಡಿ ನಿಂತಿದ್ದು ಊರೆಲ್ಲಾ ನೋಡಿದ್ರ ನಿಮಗ ಹೆಂಗ ಆಕ್ಕಿತ್ತು, ಅಷ್ಟ ವಿಚಾರ ಮಾಡ್ರಿ.

ಮೊದಲ ಎರಡು ತಿಂಗಳು ಏನೂ ಕೊಡಬ್ಯಾಡ್ರಿ

ಒಂದು ದೊಡ್ಡ ನೋಟಬುಕ್ ತಗೋರಿ, ಸುಮ್ನ ಓಣಿ ಓಣಿ ತಿರಗ್ರಿ. ಸಹಾಯ ಕೇಳಾಕ ಚರ್ಚಿನ ಬಾಗಲಕ್ಕ ಬರವ್ರು ಒಂದ್ ನಮೂನಿ ಧೈರ್ಯ ಇದ್ದವ್ರು, ಅವ್ರಿಗೆ ಎಲ್ಲಿ ಕೇಳಬೇಕು ಗೊತ್ತಿರ್ತೈತಿ. ಬರದ ಇರವ್ರನ್ನ ಹುಡಕಬೇಕು. ಅದಕ್ಕ ಶಾರ್ಟ್‌ಕಟ್ ಐತಿ: ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನ್ಯಾಯಬೆಲೆ ಅಂಗಡಿಯಂವ, ಈ ಮೂರು ಮಂದಿ ಜೋಡಿ ಕುಂತು ಚಾ ಕುಡೀರಿ. ಯಾವ ಮನ್ಯಾಗ ಒಲಿ ಹತ್ತಿಲ್ಲ, ಯಾವ ಮುತ್ಯಾ ಒಬ್ನ ಅದಾನ, ಯಾವ ಹುಡಿಗಿ ಸಾಲಿ ಬಿಟ್ಟಾಳ ಎಲ್ಲಾ ಅವ್ರ ನಾಲಿಗಿ ಮ್ಯಾಗ ಇರ್ತೈತಿ.

ನಮ್ಮ ಕಡೆ ನೋಟಬುಕ್‌ನ್ಯಾಗ ಬರೂ ಮನಿಗೋಳು ಹೆಚ್ಚು ಕಮ್ಮಿ ಇವ: ಮಕ್ಕಳು ಸೊಸ್ತ್ಯಾರು ಗೋವಾಕ್ಕೋ ಪುಣೆಕ್ಕೋ ದುಡಿಯಾಕ ಹೋಗಿ ತಾಂಡಾದಾಗ, ಕೇರಿಯೊಳಗ ಉಳಿದ ಮುದುಕ ಮುದುಕ್ಯಾರು. ಟಿಬಿ ಬಂದವ್ರು. ದೇವದಾಸಿ ಮಾಡಿ ಬಿಟ್ಟಿದ್ದ ಹೆಣಮಕ್ಕಳು, ಈಗ ಅವ್ರಿಗೆ ವಯಸ್ಸಾಗೇತಿ. ಗಂಡ ಸತ್ತ ಸಣ್ಣ ವಯಸ್ಸಿನವ್ರು. ಮತ್ತ ಚಳಿಗಾಲದಾಗ ಕಬ್ಬು ಕಡಿಯಾಕ ಬರೂ ಗ್ಯಾಂಗಿನವ್ರು, ಇವ್ರ ಬಗ್ಗೆ ಕಡೀಕ ಉದ್ದಕ ಹೇಳತೀನಿ ಯಾಕಂದ್ರ ಇವ್ರು ಯಾರ ಲಿಸ್ಟಿನ್ಯಾಗೂ ಇರೂದಿಲ್ಲ.

ಬರಕೊಳ್ಳುಮುಂದ ಜಾತಿ ಧರ್ಮದ ಕಾಲಂ ಹಾಕಬ್ಯಾಡ್ರಿ. ಬೇಕಾಗೂದಿಲ್ಲ.

ಕೆಲಸ ಪಾಸ್ಟರ್ ತಲಿಗೆ ಕಟ್ಟಬ್ಯಾಡ್ರಿ

ಬೈಬಲಿನ ಅಪೊಸ್ತಲರ ಕೃತ್ಯ 6ನೇ ಅಧ್ಯಾಯದಾಗ ಇದ ಜಗಳ ಐತಿ ನೋಡ್ರಿ, ದಿನದ ಊಟ ಹಂಚುವಾಗ ಗ್ರೀಕ್ ಮಾತಾಡೂ ವಿಧವೆಯರನ್ನ ಕಡೆಗಣಸ್ತಾರ ಅಂತ ಗೊಣಗಾಟ ಆದಾಗ ಅಪೊಸ್ತಲರು, ಅಂದ್ರ ಯೇಸುವಿನ ಶಿಷ್ಯರು, ತಾವ ಸೌಟು ಹಿಡೀಲಿಲ್ಲ, ಏಳು ಮಂದಿನ್ನ ಆರಿಸಿ ಅವ್ರಿಗೆ ಕೆಲಸ ಒಪ್ಪಿಸಿದ್ರು. ಆ ಏಳು ಮಂದಿ ಹೆಸರೂ ಗ್ರೀಕ್ ಹೆಸರ ಅದಾವು, ಅಂದ್ರ ಯಾರಿಗೆ ಅನ್ಯಾಯ ಆಗಿತ್ತೋ ಆ ಕಡೀ ಮಂದಿ ಕೈಗೇ ಕೊಟ್ರು ಅಂತ ನನಗ ಅನಸ್ತೈತಿ. ನೀವೂ ಐದಾರು ಮಂದಿ ಆರಿಸ್ರಿ, ಅದ್ರಾಗ ಹೆಣಮಕ್ಕಳು ಜಾಸ್ತಿ ಇರಲಿ. ಒಂದು, ಮನಿ ಒಳಗ ಹೋಗಿ ಮಾತಾಡಾಕ ಅವ್ರಿಗೇ ಸಲೀಸು. ಎರಡು, 2023ರ ಜೂನ್‌ನಿಂದ ಶಕ್ತಿ ಯೋಜನೆಯೊಳಗ ಸರ್ಕಾರಿ ಸಾದಾ ಬಸ್ಸಿನ್ಯಾಗ ಹೆಣಮಕ್ಕಳಿಗೆ ಟಿಕೆಟ್ ಇಲ್ಲ, ಒಬ್ಬಾಕಿ ಪೇಶಂಟ್ ಆಯಿ ಜೋಡಿ ಇನ್ನೊಬ್ಬಾಕಿ ನಮ್ಮಾಕಿ ಹೋಗಿ ಬಂದ್ರ ಬಸ್ ಚಾರ್ಜ್ ಸೊನ್ನಿ. ಕಮಿಟಿಗೆ ಇಂಥಾ ಲೆಕ್ಕ ಲಗೂನ ತಿಳಿತೈತಿ.

ಒಬ್ರು ಫಾರ್ಮ್ ತುಂಬಾಕ ಬರವ್ರು ಬೇಕು, ಒಬ್ರು ದವಾಖಾನಿ ಗೊತ್ತಿದ್ದವ್ರು, ಒಬ್ರು ಮರಾಠಿ ಮಾತಾಡವ್ರು. ಒಬ್ರು ಬಾಯಿ ಮುಚ್ಚಿಕೊಂಡು ಲೆಕ್ಕ ಬರೆಯವ್ರು.

ಮುದುಕ ಮುದುಕ್ಯಾರ ಕಾಗದ

ರೇಷನ್ ಅಂಗಡಿ ಮುಂದ ಒಂದು ಸಲ ನಿಂತು ನೋಡ್ರಿ. ಆಯಿ ಬಂದು ಮಷಿನ್ ಮ್ಯಾಗ ಹೆಬ್ಬಟ್ಟು ಇಡ್ತಾಳ, ಟೊಂಯ್ ಅಂತ ಕೆಂಪು ದೀಪ. ಸೆರಗಿಗೆ ಬೆರಳು ಒರಸ್ತಾಳ, ಮತ್ತ ಇಡ್ತಾಳ. ಇನ್ನೊಂದು ಬೆರಳು. ಈ ಕಡೀ ಕೈ, ಆ ಕಡೀ ಕೈ. ಹಿಂದಿನವ್ರು "ಸರೀಬೇ ಆಯಿ, ನಮಗ ಕೆಲಸ ಐತಿ" ಅಂತಾರ. ಜೀವನಾ ಪೂರ್ತಿ ಜ್ವಾಳ ಕೊಯ್ದ ಬೆರಳಿನ್ಯಾಗ ಗೆರಿ ಎಲ್ಲಿ ಉಳದಿರ್ತಾವು. ಅಂಗಡಿಯಂವ "ನಾಳಿ ಬಾ" ಅಂತಾನ, ಆಕಿ ನಾಳಿ ಬರ್ತಾಳ, ನಾಡಿದ್ದು ಬರ್ತಾಳ, ತಿಂಗಳು ಮುಗಿತೈತಿ.

ಇಲ್ಲಿ ನೀವು ಅಕ್ಕಿ ಕೊಡೂದಕ್ಕಿಂತ ಆಕಿನ್ನ ಆಧಾರ್ ಸೆಂಟರ್‌ಗೆ ಕರಕೊಂಡು ಹೋಗಿ ಬೆರಳು, ಕಣ್ಣು ಎರಡೂ ಅಪ್‌ಡೇಟ್ ಮಾಡಸ್ರಿ, ನಡದಾಡೂ ಮೊಬೈಲ್ ನಂಬರ್ ಒಂದು ಜೋಡಸ್ರಿ. ಆಕಿ ಮಗನ ನಂಬರ್ ಇದ್ರ ಚೊಲೋ, ನಿಮ್ಮ ನಂಬರ್ ಮಾತ್ರ ಹಾಕಬ್ಯಾಡ್ರಿ, ಮುಂದ ಒಟಿಪಿ ಬಂದು ರೊಕ್ಕದ ಮಾತು ಎದ್ರ ಎಲ್ಲಾರೂ ಸಿಗಬೀಳ್ತೀರಿ. ಕಾರ್ಡಿನ್ಯಾಗ ಹೆಸರಿದ್ದವ್ರೆಲ್ಲಾರದೂ ಇ-ಕೆವೈಸಿ ಆಗಬೇಕು, ಗೋವಾದಾಗ ಇರವ್ರದೂ. ಅವ್ರು ಊರ ಜಾತ್ರಿಗೆ ಬಂದಾಗ ಹಿಡೀರಿ, ಜಾತ್ರಿ ಮುಗಿದ ಮರುದಿನ ಅಂಗಡಿಗೆ ಕರಕೊಂಡು ಹೋಗ್ರಿ.

65 ದಾಟಿದವ್ರಿಗೆ ಸಂಧ್ಯಾ ಸುರಕ್ಷಾ ಐತಿ, ತಿಂಗಳಿಗೆ 1,200 ರೂಪಾಯಿ, ಅರ್ಜಿ ನಾಡಕಚೇರಿಯೊಳಗ. ಹೊಸಾ ಅರ್ಜಿಗಿಂತ ಹೆಚ್ಚಿನ ಕೆಲಸ ನಿಂತು ಹೋದ ಪೆನ್ಶನ್ ಹೊಳ್ಳಿ ಚಾಲೂ ಮಾಡಸೂದು. "ರೊಕ್ಕ ಬರವಲ್ದು" ಅಂದ್ರ ಬಾಳಷ್ಟು ಸಲ ಆಗಿದ್ದೇನಂದ್ರ ಆಧಾರ್ ಬ್ಯಾರೆ ಯಾವುದೋ ಬ್ಯಾಂಕ್ ಖಾತೆಗೆ ಲಿಂಕ್ ಆಗಿರ್ತೈತಿ, ಸಂಘದ ಸಾಲಕ್ಕ ಅಂತ ಎಂದೋ ತೆಗೆದ ಖಾತೆ, ರೊಕ್ಕ ಅಲ್ಲಿ ಬಿದ್ದಿರ್ತೈತಿ, ಪಾಸ್‌ಬುಕ್ ಎಲ್ಲೈತಿ ಯಾರಿಗೂ ಗೊತ್ತಿಲ್ಲ. ಬ್ಯಾಂಕಿಗೆ ಹೋದಾಗ "ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಐತಿ ನೋಡ್ರಿ" ಅಂತ, ಅಂದ್ರ ಆಧಾರ್ ಮ್ಯಾಗ ಬರೂ ರೊಕ್ಕ ಯಾವ ಬ್ಯಾಂಕಿಗೆ ಹೋಗ್ತೈತಿ ಅಂತ, ಸೀದಾ ಕೇಳ್ರಿ, ಆ ಶಬ್ದ ಹೇಳಿದ್ರ ಕೌಂಟರ್‌ನ್ಯಾಗಿನವ್ರು ಸ್ವಲ್ಪ ತಲಿ ಎತ್ತತಾರ.

ಒಂದು ನಿಯಮ ಹಾಕ್ಕೋರಿ: ಮಾತು ಆಯಿನ ಆಡಲಿ. ನೀವು ಬಾಜೂಕ ನಿಂದರ್ರಿ. ಎರಡನೇ ಸಲ ಆಕಿಗೇ ಯಾವ ಟೇಬಲ್‌ಗೆ ಹೋಗಬೇಕು ಗೊತ್ತಿರ್ತೈತಿ, ಬಾಜೂ ಮನಿ ಮುದುಕಿನ್ನ ತಾನ ಕರಕೊಂಡು ಹೋಗ್ತಾಳ.

ದೇವದಾಸಿ ಹೆಣಮಕ್ಕಳ ಹತ್ರ ಹೋಗುಮುಂದ

1982ರ ಕಾಯ್ದೆ ಬಂದು ಎಷ್ಟೋ ವರ್ಷ ಆತು, ಆದ್ರ ಸವದತ್ತಿ ಸುತ್ತಮುತ್ತ, ಅಥಣಿ, ಮುಧೋಳ ಕಡೆ ಆಗ ಮುತ್ತು ಕಟ್ಟಿಸಿಕೊಂಡವ್ರು ಇನ್ನೂ ಜೀವಂತ ಅದಾರ. ಅವ್ರಿಗೆ ಮಾಸಾಶನ ಐತಿ, 1993-94 ಮತ್ತ 2007-08ರ ಸರ್ವೆಯೊಳಗ ಹೆಸರು ಇದ್ದವ್ರನ್ನ ಹಿಡದು ಸೌಲತ್ತು ಕೊಡ್ತಾ ಬಂದಾರ, ಅದಕ್ಕ ಮೊದ್ಲ ಆ ಲಿಸ್ಟಿನ್ಯಾಗ ಹೆಸರು ಐತೋ ಇಲ್ಲೋ ನೋಡ್ರಿ. ಮಹಿಳಾ ಅಭಿವೃದ್ಧಿ ನಿಗಮದ ತಾಲೂಕಿನ ಮಂದಿ ಇರ್ತಾರ, ಅವ್ರಿಗೆ ಭೆಟ್ಟಿ ಆಗ್ರಿ. ಸಭೆಯವ್ರು ಇಲ್ಲಿ ಒಂದು ಚಟ ಬಿಡಬೇಕು, "ಹಿಂದ ಏನಾತು ಹೇಳವಾ" ಅಂತ ಕೆದಕೂದು, ಆಮ್ಯಾಲ ಅದನ್ನ ಚರ್ಚಿನ್ಯಾಗ ಎಲ್ಲಾರ ಮುಂದ ಸಾಕ್ಷಿ ಅಂತ ಹೇಳಿಸೂದು. ಆಕಿ ಕಥಿ ಆಕೀದು. ನೀವು ಹೋಗಿದ್ದು ಕಾಗದಕ್ಕ, ಬಿಪಿ ಗುಳಿಗಿಗೆ, ಮೊಮ್ಮಗಳ ಹಾಸ್ಟೆಲ್ ಸೀಟಿಗೆ.

ಟಿಬಿ, ಮತ್ತ ಭಾನುವಾರದ ಪ್ರಾರ್ಥನಿ

ಸಣ್ಣ ಸಭೆಗೆ ಇದಕ್ಕಿಂತ ಚೊಲೋ ಕೆಲಸ ಇಲ್ಲ ಅಂತೀನಿ ನಾ. ಗುಳಿಗಿ ಸರ್ಕಾರಿ ದವಾಖಾನ್ಯಾಗ ಫುಕಟ್, ಸಾದಾ ಟಿಬಿಗೆ ಆರು ತಿಂಗಳು. ನಿಕ್ಷಯ್ ಪೋಷಣ್ ಅಂತ ತಿಂಗಳಿಗೆ ಮೊದ್ಲ 500 ಇತ್ತು, 2024ರ ನವೆಂಬರ್‌ನಿಂದ 1,000 ರೂಪಾಯಿ ಖಾತೆಗೆ ಬರ್ತೈತಿ. ಇಷ್ಟಾದ್ರೂ ಮಂದಿ ನಡುವ ಗುಳಿಗಿ ಬಿಡ್ತಾರ, ಯಾಕಂದ್ರ ಎರಡು ತಿಂಗಳಿಗೆ ಕೆಮ್ಮು ಕಮ್ಮಿ ಆಕ್ಕೈತಿ, ಕೂಲಿಗೆ ಹೋಗಬೇಕು, ಖಾಲಿ ಹೊಟ್ಟೀಲೆ ಗುಳಿಗಿ ತಗೊಂಡ್ರ ವಾಂತಿ. ನಿಕ್ಷಯ್ ಮಿತ್ರ ಅಂತ ಒಂದು ವ್ಯವಸ್ಥಾ ಐತಿ, ಯಾರ ಬೇಕಾದ್ರೂ, ಸಂಘ ಸಂಸ್ಥೆಯವ್ರೂ, ಹೆಸರು ಹಚ್ಚಿ ಒಬ್ರು ಇಬ್ರು ಪೇಶಂಟ್‌ಗೆ ಆರು ತಿಂಗಳು ಆಹಾರ ಕಿಟ್ ಕೊಡಬಹುದು. ತಾಲೂಕಾ ದವಾಖಾನಿ ಟಿಬಿ ಸೂಪರ್‌ವೈಸರ್‌ಗೆ ಕೇಳ್ರಿ, ಅವ್ರ ಹಚ್ಚಿಕೊಡ್ತಾರ. ಕಿಟ್ಟಿನ್ಯಾಗ ಬಿಸ್ಕೀಟು, ಪುಡಿ ಡಬ್ಬಿ ಬ್ಯಾಡ. ಜ್ವಾಳ, ತೊಗರಿಬ್ಯಾಳಿ, ಶೇಂಗಾ, ಎಣ್ಣಿ, ತತ್ತಿ. ಒಬ್ರು ಇಬ್ರನ್ನ ಹಿಡೀರಿ, ಹತ್ತು ಮಂದಿ ಹಿಡದು ಮೂರನೇ ತಿಂಗಳಿಗೆ ಕೈ ಬಿಡೂದಕ್ಕಿಂತ ಅದ ಬೇಷ್.

ಮತ್ತ ಇದು ನಮ್ಮವ್ರಿಗೆ ಹೇಳಲೇಬೇಕಾದ ಮಾತು: ಭಾನುವಾರ ಪ್ರಾರ್ಥನಾ ವಿಜ್ಞಾಪನೆಯೊಳಗ "ಇಂಥಾ ಓಣಿ ಇಂಥಾ ಸಹೋದರನಿಗೆ ಟಿಬಿ ಐತಿ" ಅಂತ ಮೈಕಿನ್ಯಾಗ ಹೇಳಬ್ಯಾಡ್ರಿ. ಪ್ರೀತೀಲೆನ ಹೇಳಿರ್ತಾರ, ಆದ್ರ ಸಂಜೀಕ ಆ ಮನಿ ಹುಡುಗಿ ಸಂಬಂಧ ಮುರದಿರ್ತೈತಿ. ಹೆಸರಿಲ್ಲದ ಪ್ರಾರ್ಥನಿ ಮಾಡಿದ್ರ ದೇವ್ರಿಗೆ ಅಡ್ರೆಸ್ ತಪ್ಪೂದಿಲ್ಲ.

ರೊಕ್ಕ ಎಲ್ಲಿಂದ

ಹಿಡಿಕಾಳು ಹಳೇ ಪದ್ಧತಿ, ಸ್ತ್ರೀ ಸಂಘದವ್ರು ಮನಿಯೊಳಗ ಒಂದು ಡಬ್ಬಿ ಇಟ್ಟು ರೊಟ್ಟಿ ಬಡಿಯುಮುಂದ ಒಂದು ಹಿಡಿ ಹಿಟ್ಟಿನ ಜ್ವಾಳನೋ ಅಕ್ಕಿನೋ ತೆಗೆದಿಡೂದು, ತಿಂಗಳಿಗೆ ಒಮ್ಮೆ ಚರ್ಚಿಗೆ ತರೂದು. ನಲವತ್ತು ಮನಿ ಅಂದ್ರ ಟಿಬಿ ಕಿಟ್ಟಿನ ಕಾಳು ಅದ್ರಾಗ ಹೊಂಡತೈತಿ. ಸುಗ್ಗಿ ಹಬ್ಬದ ಹರಾಜಿನ್ಯಾಗ ಒಂದು ಕುಂಬಳಕಾಯಿ ಐದು ನೂರಕ್ಕ ಹೋಗ್ತೈತಿ, ಆ ರೊಕ್ಕ ಪೂರ್ತಿ ಚರ್ಚಿನ ಬಣ್ಣಕ್ಕ ಹಾಕಬ್ಯಾಡ್ರಿ, ಇಷ್ಟು ಪಾಲು ಸೇವಾಕ್ಕ ಅಂತ ಹರಾಜಿಗಿಂತ ಮೊದ್ಲ ಹೇಳ್ರಿ, ಕೂಗವ್ರೂ ಜೋರು ಕೂಗತಾರ. ಖರ್ಚು ಆಟೋ, ಝೆರಾಕ್ಸ್, ಫೋಟೋ, ಲ್ಯಾಬ್ ಚಾರ್ಜ್, ಇಷ್ಟ.

ಹೊರದೇಶದ ರೊಕ್ಕ ಮುಟ್ಟಬ್ಯಾಡ್ರಿ. ಎಫ್‌ಸಿಆರ್‌ಎ, ಅಂದ್ರ ವಿದೇಶಿ ದೇಣಿಗಿ ಕಾಯ್ದೆ, ಅದ್ರ ನೋಂದಣಿ ಇಲ್ಲದ ಸಂಸ್ಥಾ ವಿದೇಶಿ ದೇಣಿಗಿ ತಗೊಳ್ಳಾಂಗಿಲ್ಲ, ನೋಂದಣಿ ಇದ್ದವ್ರಿಗೂ 2020ರ ತಿದ್ದುಪಡಿ ಆದಮ್ಯಾಲ ಆ ರೊಕ್ಕ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆ ಖಾತೆಗೇ ಮೊದ್ಲ ಬರಬೇಕು. ನಿಮ್ಮ ಸಭೆ ಹುಡುಗ ದುಬೈದಾಗ ದುಡಿಯಾಕತ್ತಾನ, ಭಾರತದ ಪಾಸ್‌ಪೋರ್ಟ್ ಐತಿ, ಸ್ವಂತ ಗಳಿಕಿ ಬ್ಯಾಂಕಿನಿಂದ ಕಳಸ್ತಾನಂದ್ರ ಅದು ವಿದೇಶಿ ದೇಣಿಗಿ ಅಲ್ಲ. ಅದ ಅಮೆರಿಕಾದ ಪೌರತ್ವ ತಗೊಂಡ ಕಾಕಾ ಕಳಿಸಿದ್ರ ವಿದೇಶಿ ದೇಣಿಗಿ. ರಸೀದಿ ಹರಿಯೂ ಮುಂದ ಕೇಳಿಕೋರಿ. ಲೆಕ್ಕ ತಿಂಗಳಿಗೊಮ್ಮೆ ಓದಿ ಹೇಳ್ರಿ, ಹತ್ತು ರೂಪಾಯಿ ಝೆರಾಕ್ಸ್ ಸೈತ. ಫಲಾನುಭವಿ ಹೆಸರು ಮಾತ್ರ ಓದಬ್ಯಾಡ್ರಿ.

ಮತಾಂತರದ ಮಾತು ಬಂದೇ ಬರ್ತೈತಿ

2021ರ ಡಿಸೆಂಬರ್‌ನ್ಯಾಗ ಬೆಳಗಾವಿ ಸುವರ್ಣಸೌಧದಾಗನ ಮತಾಂತರ ತಡಿಯೂ ಬಿಲ್ಲು ವಿಧಾನಸಭಾದಾಗ ಪಾಸಾಗಿದ್ದು, 2022ಕ್ಕ ಕಾಯ್ದೆ ಆತು, 2023ರ ಜೂನ್‌ನ್ಯಾಗ ಹೊಸಾ ಸರ್ಕಾರದ ಕ್ಯಾಬಿನೆಟ್ ಅದನ್ನ ತೆಗಿತೀವಿ ಅಂತ ತೀರ್ಮಾನ ಮಾಡ್ತು. ಅದ್ರಾಗ "ಆಮಿಷ" ಅಂದ್ರ ಏನು ಅಂತ ಬರದಿದ್ದು ಓದ್ರಿ: ಉಡುಗೊರೆ, ರೊಕ್ಕ, ವಸ್ತು, ನೌಕರಿ, ಧಾರ್ಮಿಕ ಸಂಸ್ಥೆ ಸಾಲಿಯೊಳಗ ಪುಕ್ಕಟೆ ಶಿಕ್ಷಣ, ಎಲ್ಲಾ ಬರ್ತಾವು. ಕಾಯ್ದೆ ಇರಲಿ ಬಿಡಲಿ, ಕಾಳು ಕೊಟ್ಟು ಪ್ರಾರ್ಥನಿಗೆ ಕರೆಯೂದು ಹಸಿದವ್ರ ಮ್ಯಾಗ ಜುಲುಮಿ ಅಂತ ನನ್ನ ಅಭಿಪ್ರಾಯ. ಹಸಿದಾಗ "ಇಲ್ಲ" ಅನ್ನಾಕ ಯಾರಿಗೆ ಆಗ್ತೈತಿ.

ಅದಕ್ಕ ಗೆರಿ ಹಾಕ್ರಿ. ಕಿಟ್ಟಿನ್ಯಾಗ ಕರಪತ್ರ ಇಲ್ಲ, ಬೈಬಲ್ ವಚನದ ಕಾರ್ಡ್ ಇಲ್ಲ. ಹಂಚೂ ಜಾಗಾ ಪ್ರಾರ್ಥನಾ ಹಾಲ್ ಅಲ್ಲ, ಆದಷ್ಟು ಅವ್ರ ಮನಿಗೇ ಒಯ್ದು ಕೊಡ್ರಿ. ಭಾನುವಾರ ಬ್ಯಾಡ. ಅವ್ರಾಗೇ "ನನಗೊಂದು ಪ್ರಾರ್ಥನಿ ಮಾಡ್ರಿ" ಅಂದ್ರ ಆ ಮಾತು ಬ್ಯಾರೆ, ಅದೂ ಸಣ್ಣ ದನಿಯೊಳಗ. ಶುರು ಮಾಡೂಕಿಂತ ಮೊದ್ಲ ಗ್ರಾಮ ಪಂಚಾಯ್ತಿ ಪಿಡಿಓಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಸಿಕ್ಕಾ ಹಾಕಿಸಿಕೋರಿ, ಏನ್ ಮಾಡ್ತೀವಿ, ಯಾರ್ ಮಾಡ್ತಾರ, ಫೋನ್ ನಂಬರ್ ಇಷ್ಟು. ಊರ ಮಠದ ಅಜ್ಜಾರ ಹತ್ರ, ಜಮಾತಿನ ಹಿರಿಯರ ಹತ್ರ ಹೋಗಿ ಹೇಳಿ ಬರ್ರಿ. ನಮ್ಮ ಭಾಗದಾಗ ದಾಸೋಹ ಗೊತ್ತಿಲ್ಲದ ಮಂದಿ ಇಲ್ಲ, 2019ರ ಆಗಸ್ಟ್‌ನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಮ್ಮೆಲೆ ಬಂದಾಗ ಊರೂರಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಟ್ರ್ಯಾಕ್ಟರ್‌ನ್ಯಾಗ ಕಳಿಸಿದ್ರಲ್ಲ, ಯಾರ ರೊಟ್ಟಿ ಅಂತ ಯಾರೂ ಕೇಳಲಿಲ್ಲ. ಆಗ ಬಂದ ಹಳೇ ಅರಬಿ ಮಾತ್ರ ರಸ್ತೇದ ಬಾಜೂಕ ಗುಡ್ಡಿ ಬಿದ್ದು ಮಳ್ಯಾಗ ಕೊಳತು. ಹಳೇ ಅರಬಿ ತಗೊಳ್ಳೂದಿಲ್ಲ ಅಂತ ಈಗ ಬೋರ್ಡ್ ಹಾಕಿಬಿಡ್ರಿ.

ಇನ್ನೊಂದು, ಸುಮ್ನ ಹೇಳಿ ಬಿಡ್ತೀನಿ. ಲಂಡನ್ ಮಿಷನ್ 1820ರಾಗ ಬೆಳಗಾವಿಗೆ ಬಂತು, ಬಾಸೆಲ್ ಮಿಷನ್ 1851ರಾಗ ಗುಳೇದಗುಡ್ಡಕ್ಕ ಬಂತು, ಸಾಲಿ ಕಟ್ಟಿದ್ರು ದವಾಖಾನಿ ಕಟ್ಟಿದ್ರು ಅಂತ ಪ್ರತಿ ವಾರ್ಷಿಕೋತ್ಸವದಾಗ ಭಾಷಣ ಮಾಡ್ತೀವಿ. ಅದು ಅವ್ರು ಮಾಡಿದ್ದು. ಅದನ್ನ ಹೇಳ್ಕೊಂಡು ಕುಂಡ್ರೂದು ನಮ್ಮ ರೋಗ.

ಕಬ್ಬಿನ ಗ್ಯಾಂಗು

ದೀಪಾವಳಿ ಆಜೂಬಾಜೂ ಸಕ್ಕರಿ ಫ್ಯಾಕ್ಟರಿ ಚಾಲೂ ಆದ್ವು ಅಂದ್ರ ಮಹಾರಾಷ್ಟ್ರದ ಬೀಡ ಕಡಿಂದ, ನಮ್ಮ ವಿಜಯಪುರದ ತಾಂಡಾಗೋಳಿಂದ ಗ್ಯಾಂಗ್ ಬರ್ತಾವು. ಗಂಡ ಹೆಂಡ್ತಿ ಜೋಡಿ ಲೆಕ್ಕ, ಮುಕಾದಮ, ಅಂದ್ರ ಗ್ಯಾಂಗ್ ಕರಕೊಂಡು ಬರೂ ಮೇಸ್ತ್ರಿ, ಮೊದ್ಲ ಅಡ್ವಾನ್ಸ್ ಕೊಟ್ಟಿರ್ತಾನ, ಅದು ಹರಿಯೂತನಕ ಕಡಿಬೇಕು. ಹೊಲದ ಬಾಜೂಕ ಪ್ಲಾಸ್ಟಿಕ್ ತಾಡಪಲ್ ಗುಡಸಲ, ನಸಿಕಿನ್ಯಾಗ ಎದ್ದು ಹೋದ್ರ ಕತ್ಲಾಗಿ ಬರ್ತಾರ, ಕೂಸು ಕಬ್ಬಿನ ಸಾಲಿನ್ಯಾಗ ಸೀರಿ ಹಾಸಿ ಮಲಗಿಸಿರ್ತಾರ.

ಹಗಲ ಹೋದ್ರ ಯಾರೂ ಸಿಗೂದಿಲ್ಲ. ಸಂಜೀಕ ಏಳು ದಾಟಿದ ಮ್ಯಾಗ ಹೋಗ್ರಿ, ಮೊದ್ಲ ಮುಕಾದಮಗ ಭೆಟ್ಟಿ ಆಗ್ರಿ, ಅಂವನ್ನ ಬಿಟ್ಟು ಸೀದಾ ಗುಡಸಲಿಗೆ ನುಗ್ಗಿದ್ರ ನಾಳಿಂದ ನಿಮ್ಮ ಕೂಡ ಮಾತಾಡಿದವ್ರಿಗೆ ತ್ರಾಸು. ಅಂವಗ "ಮಂದಿ ಜಡ್ಡು ಬೀಳಲಿಲ್ಲಂದ್ರ ನಿಮ್ಮ ಕೆಲಸನ ಸರಳ ಆಕ್ಕೈತಿ" ಅಂತ ಮರಾಠಿಯೊಳಗ ಹೇಳ್ರಿ, ಕೇಳ್ತಾನ.

ಅವ್ರಿಗೆ ಊಟ ಬ್ಯಾಡ, ಅವ್ರು ದುಡದು ಉಣ್ಣಾಕತ್ತಾರ. ಬೇಕಾಗಿದ್ದು ನೀರು. ಹೆಣಮಕ್ಕಳಿಗೆ ಜಳಕಾ ಮಾಡಾಕ ಮರೆ. ಚರ್ಚ್ ಕಂಪೌಂಡಿನ್ಯಾಗ ಬೋರ್‌ವೆಲ್ ಐತಿ, ಪಾಯಖಾನಿ ಬಾತ್‌ರೂಮ್ ಐತಿ, ವಾರದಾಗ ಆರು ದಿನ ಕೀಲಿ ಹಾಕಿರ್ತೈತಿ. ಗ್ಯಾಂಗು ಹತ್ರ ಇಳದಿದ್ರ ಆ ಕೀಲಿ ತೆಗೀರಿ, ಒಂದು ಬಲ್ಬ್ ಹಾಕ್ರಿ, ಮೊಬೈಲ್ ಚಾರ್ಜಿಗೆ ಬೋರ್ಡ್ ಒಂದು ಹೊರಗ ಎಳೀರಿ. ಕಮಿಟಿಯೊಳಗ ಜಗಳ ಆಕ್ಕೈತಿ, ಹೊಲಸ ಮಾಡ್ತಾರ ಅಂತಾರ. ಫಿನಾಯಿಲ್ ಬಾಟ್ಲಿ ತರ್ರಿ, ಜಗಳ ಅಲ್ಲಿಗೇ ಮುಗೀಲಿ.

ಆಮ್ಯಾಲ ಕೂಸುಗೋಳು. ಗುರುವಾರ ಲಸಿಕಿ ದಿನ, ಯಾವ ರಾಜ್ಯದ ಕೂಸಾದ್ರೂ ಉಪಕೇಂದ್ರದಾಗ ಹಾಕ್ತಾರ, ಮಹಾರಾಷ್ಟ್ರದ ಕಾರ್ಡ್ ತರಾಕ ಹೇಳ್ರಿ. ಬಸುರಿ ಇದ್ರ, ಬಾಣಂತಿ ಇದ್ರ ಅಂಗನವಾಡಿಗೆ ಕರಕೊಂಡು ಹೋಗ್ರಿ, ಟೀಚರ್ "ನಮ್ಮ ಲಿಸ್ಟಿನ್ಯಾಗ ಇಲ್ಲ" ಅಂದ್ರ ಪೋಷಣ್ ಟ್ರ್ಯಾಕರ್ ಆಪಿನ್ಯಾಗ ವಲಸೆ ಬಂದವ್ರನ್ನ ಸೇರಿಸಾಕ ಬರ್ತೈತಿ ಅಂತ ಸಮಾಧಾನದಿಂದ ಹೇಳ್ರಿ, ಆಕಿಗೂ ಕೆಲಸ ರಗಡ್ ಇರ್ತಾವು. ಆರು ವರ್ಷ ದಾಟಿದವ್ರನ್ನ ಟಿಸಿ ಇಲ್ಲ ಅಂತ ಸರ್ಕಾರಿ ಸಾಲಿಯವ್ರು ಹೊರಗ ಹಾಕಾಂಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯೊಳಗ ಐತಿ. ಅಥಣಿ, ಬೆಳಗಾವಿ ಗಡಿ ಕಡೆ ಮರಾಠಿ ಸಾಲಿ ಅದಾವು, ಉಳಿದ ಕಡೆ ಕಷ್ಟ. ಮಕ್ಕಳು ಬಾಳ ಇದ್ರ ಬಿಇಒ ಆಫೀಸಿಗೆ ಟೆಂಟ್ ಶಾಲೆ, ಅಂದ್ರ ವಲಸೆ ಮಕ್ಕಳ ಸಾಲಿ, ಕೇಳ್ರಿ, ಸಂಡೇ ಸ್ಕೂಲ್ ರೂಮು ಜಾಗಾ ಅಂತ ಕೊಡ್ರಿ, ಪಾಠ ಸಾಲಿಯ ಪಾಠನ ಇರಲಿ. ರೇಷನ್ ಕಾರ್ಡ್ ಮಹಾರಾಷ್ಟ್ರದ್ದಿದ್ರೂ ಒನ್ ನೇಷನ್ ಒನ್ ರೇಷನ್ ಕಾರ್ಡಿನ್ಯಾಗ ಇಲ್ಲಿ ಕೇಂದ್ರದ ಪಾಲು ಧಾನ್ಯ ಸಿಗ್ತೈತಿ. ಶಕ್ತಿ ಬಸ್ ಮಾತ್ರ ಮಹಾರಾಷ್ಟ್ರದವ್ರಿಗಿಲ್ಲ, ಟಿಕೆಟ್ ರೊಕ್ಕ ಇಟ್ಕೊಂಡು ಹೋಗ್ರಿ.

ಸಣ್ಣ ಹುಡುಗರ ಕೈಯಾಗ ಕೊಯ್ತಾ ಕಂಡ್ರ 1098ಕ್ಕ ಫೋನ್ ಹಚ್ಚರಿ. ಸಾಲ ಹರೀಲಿಲ್ಲ ಅಂತ ಯಾರ್ನರ ಹಿಡದಿಟ್ಟಾರ ಅಂತ ಗೊತ್ತಾದ್ರ ಅದು 1976ರ ಜೀತ ಪದ್ಧತಿ ರದ್ದು ಕಾಯ್ದೆ ಮಾತು, ತಹಶೀಲ್ದಾರ್‌ಗೆ ಲಿಖಿತ ಕೊಡ್ರಿ, ನೀವ ಹೋಗಿ ಮುಕಾದಮನ ಜೋಡಿ ಬಡದಾಡಾಕ ಹೋಗಬ್ಯಾಡ್ರಿ.

ಫೆಬ್ರವರಿ ಕಡೀಕ ಫ್ಯಾಕ್ಟರಿ ಬಂದ್ ಆಗೂ ಸುದ್ದಿ ಬಂದ ಕೂಡಲೆ ಒಂದು ಸಂಜಿ ಪೂರ್ತಿ ಗುಡಸಲ ಗುಡಸಲ ತಿರಗಬೇಕು, ಯಾಕಂದ್ರ ಗ್ಯಾಂಗು ರಾತ್ರೋರಾತ್ರಿ ಟ್ರ್ಯಾಕ್ಟರ್ ಏರಿ ಹೋಗಿಬಿಡ್ತೈತಿ. ಟಿಬಿ ಗುಳಿಗಿ ತಗೊಳ್ಳವ್ರು ಇದ್ರ ಅವ್ರ ನಿಕ್ಷಯ್ ಐಡಿ, ಅಂದ್ರ ಟಿಬಿ ಪೇಶಂಟ್ ನಂಬರ್, ಒಂದು ಚೀಟಿ ಮ್ಯಾಗ ಬರದು ಕೊಡ್ರಿ, ಅದರ ಮ್ಯಾಗ ಅವ್ರ ಊರಿನ ದವಾಖಾನ್ಯಾಗ ಮುಂದಿನ ಗುಳಿಗಿ ಸಿಗ್ತಾವು, ಇಲ್ಲಿ ಸೂಪರ್‌ವೈಸರ್‌ಗೆ ಟ್ರಾನ್ಸ್‌ಫರ್ ಮಾಡಾಕ ಹೇಳ್ರಿ. ಲಸಿಕಿ ಕಾರ್ಡಿನ್ಯಾಗ ಇಲ್ಲಿ ಹಾಕಿದ್ದು ಬರದೈತೋ ನೋಡ್ರಿ. ಮಕ್ಕಳು ಇಷ್ಟು ತಿಂಗಳು ಇಲ್ಲಿ ಸಾಲಿಗೆ ಬಂದಾರ ಅಂತ ಹೆಡ್‌ಮಾಸ್ತರ್ ಕಡಿಂದ ಒಂದು ಕಾಗದ ತಗೋರಿ. ಮತ್ತ ಮುಕಾದಮನ ನಂಬರ್ ಬರಕೊಂಡು ಮುಂದಿನ ಸಲ ಯಾವ ಊರಿಗೆ, ಎಷ್ಟು ಜೋಡಿ ಬರ್ತಾವು ಅಂತ ಸಪ್ಟೆಂಬರ್‌ನ್ಯಾಗ ಫೋನ್ ಮಾಡಿ ಕೇಳ್ರಿ, ಟೆಂಟ್ ಶಾಲೆ ಅರ್ಜಿ ಗ್ಯಾಂಗು ಬಂದಮ್ಯಾಲ ಕೊಟ್ರ ಮಂಜೂರಾಗೂದ್ರಾಗ ಕಬ್ಬು ಮುಗದಿರ್ತೈತಿ.